ನನ್ನ ಧ್ವನಿಯಲ್ಲಿ ಮಾತಾಡಿದವನು

ಟ್ರಾಫಿಕ್ಕಿನಲ್ಲಿ ಸೀಟಿ ಊದುತ್ತಿದ್ದವನನ್ನು ಒಂದು ಆದೇಶ ಸಾಕು, ಸೈಬರ್ ತಜ್ಞನನ್ನಾಗಿ ಮಾಡಲು. ವಿಶಾಖಪಟ್ಟಣದ ಠಾಣೆಯೊಂದರಲ್ಲಿ ನನಗೆ ಆದದ್ದು ಇದೇ. ಸೈಬರ್ ವಿಭಾಗದಲ್ಲಿ ಕುರ್ಚಿ ಖಾಲಿ ಇತ್ತು, ನನ್ನ ಮೊಣಕಾಲು ನೋಯುತ್ತಿತ್ತು. ಅರ್ಹತೆ ಇಷ್ಟೇ. ಸೈಬರ್ ಅಪರಾಧ ತನಿಖೆ ಮತ್ತು ನಿರ್ವಹಣೆಯ ತರಬೇತಿಗೆಂದು ವಿಜಯವಾಡಕ್ಕೆ ಕಳಿಸಿದರು. ನಿರ್ವಹಣೆ ಎಂದರೇನೆಂದು ಕೇಳಿದೆ. ತನಿಖೆ ಆಗದಿದ್ದಾಗ ಮಾಡುವುದು ಎಂದರು.

ಮೊದಲ ದಿನವೇ ಕಲಿತದ್ದನ್ನು ಸಂಜೆ ಫೋನಿನಲ್ಲಿ ಹೆಂಡತಿ ಸುವರ್ಣಾಳಿಗೆ ಬೋಧಿಸಿದೆ. ಈಗ ಯಾರ ಧ್ವನಿಯನ್ನಾದರೂ ನಕಲು ಮಾಡುತ್ತಾರೆ. ಅನುಮಾನ ಬಂದರೆ ಮನೆಯವರಿಗೆ ಮಾತ್ರ ಗೊತ್ತಿರುವ ಪ್ರಶ್ನೆ ಕೇಳಬೇಕು. ಮದುವೆಯಾದಾಗಿನಿಂದ ಅವಳು ನನ್ನ ಒಂದೇ ಒಂದು ಮಾತನ್ನು ಪಾಲಿಸಿದ್ದಾಳೆ. ಅದು ಇದೇ.

ಕೊನೆಯ ದಿನ ಸಾಕ್ಷ್ಯ ವಶಪಡಿಸಿಕೊಳ್ಳುವ ಪ್ರಾತ್ಯಕ್ಷಿಕೆ. ನನ್ನ ಫೋನನ್ನೇ ತೆಗೆದುಕೊಂಡು, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಅರಗು ಹಚ್ಚಿ, ಪಂಚರೆಂದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರು. ಊಟವಾದ ಮೇಲೆ ಒಬ್ಬ ಪಂಚ ರಜೆ ಹಾಕಿ ಊರಿಗೆ ಹೋದ. ಅವನಿಲ್ಲದೆ ಸೀಲು ಒಡೆದರೆ ಸಾಕ್ಷ್ಯ ಕೆಡುತ್ತದೆ ಎಂದರು ತರಬೇತುದಾರರು.

"ಯಾವ ಅಪರಾಧದ ಸಾಕ್ಷ್ಯ ಸಾರ್?"

"ಅದು ತನಿಖೆಯಿಂದ ಗೊತ್ತಾಗಬೇಕು."

ಅಷ್ಟರಲ್ಲಿ ಪ್ರಮಾಣಪತ್ರ ಕೊಡಬೇಕಾದ ದೊಡ್ಡವರು ನಾಳೆ ಬರುತ್ತಾರೆಂದು ತರಬೇತಿಯನ್ನು ಒಂದು ದಿನ ಎಳೆದರು. ಆ ರಾತ್ರಿಯೇ ನನ್ನ ಅತ್ತೆ ಧಾರವಾಡದಿಂದ ಬಂದು ವಿಶಾಖಪಟ್ಟಣದಲ್ಲಿ ಇಳಿಯುವವರಿದ್ದರು. ನಾನು ಊರಿಗೆ ಮರಳಿದವನೇ ನಿಲ್ದಾಣದಿಂದ ಅವರನ್ನು ಕರೆದೊಯ್ಯುವುದೆಂದು ಮಾತಾಗಿತ್ತು. ಅವರಿಗೆ ತೆಲುಗು ಬರುವುದಿಲ್ಲ, ಮೊಬೈಲೆಂದರೆ ಆಗುವುದಿಲ್ಲ, ಮಂಡಿಯೂ ಗಟ್ಟಿಯಿಲ್ಲ. ಬೇರೆ ಠಾಣೆಯಿಂದ ತರಬೇತಿಗೆ ಬಂದಿದ್ದ ಅಪ್ಪಾರಾವ್ ಫೋನಿನಿಂದ ಮನೆಗೆ ಕರೆ ಮಾಡಿದೆ.

"ಸುವರ್ಣಾ, ನಾನು. ನನಗೆ ಇವತ್ತು ಬರೋಕಾಗಲ್ಲ. ನಿಮ್ಮಮ್ಮನ್ನ ಕರ್ಕೊಂಡು ಬರೋಕೆ ಸ್ಟೇಷನ್‌ಗೆ ನೀನೇ ಹೋಗು."

"ಇದು ಯಾರ ನಂಬರ್ರೀ? ದನಿ ಭಾಳ ಛಲೋ ಕಲ್ತೀರಿ. ನಾವಿಬ್ರೂ ಮೊದ್ಲ ಭೆಟ್ಟಿಯಾಗಿದ್ದು ಎಲ್ಲಿ, ಹೇಳ್ರಿ ನೋಡೋಣ?"

"ಭೀಮುನಿಪಟ್ಟಣದ ಸಮುದ್ರದ ದಂಡೆ!"

ಹೇಳುವಾಗಲೇ ನನಗೆ ಸಂಶಯ. ಆ ದಂಡೆ ನನ್ನ ನೆನಪಿನಲ್ಲಿ ಪ್ರತಿ ಸಲ ಸುಧಾರಿಸುತ್ತಾ ಬಂದಿದೆ. ಮೊದಲು ಬರೀ ಮರಳಿತ್ತು. ಆಮೇಲೆ ದೋಣಿಗಳು ಬಂದವು. ಈಚೆಗೆ ಅವಳ ಸೀರೆಯ ಬಣ್ಣವೂ ಬದಲಾಗಿದೆ. ಇಂಥ ಸಾಕ್ಷಿಯನ್ನು ಕೋರ್ಟಿಗೆ ಹಾಜರುಪಡಿಸಲು ನನಗೇ ಧೈರ್ಯವಿಲ್ಲ.

"ತಪ್ಪು! ಪೆಂಡುರ್ತ್ಯಾಗ, ನಮ್ಮ ಮಾಮಾರ ಮನ್ಯಾಗ. ಮೋಸ ಮಾಡೋರು ಒಂಚೂರು ಓದ್ಕೊಂಡು ಬರಬಾರದಾ?"

ಉತ್ತರವನ್ನು ತಾನೇ ಹೇಳಬಾರದೆಂಬ ಪಾಠ ನಡೆಯುವಾಗ ನನಗೆ ತೂಕಡಿಕೆ ಬಂದಿತ್ತು, ಹೀಗಾಗಿ ಅದು ಅವಳಿಗೆ ತಲುಪಿರಲಿಲ್ಲ. ಆದರೆ ನಂಬರು ಬ್ಲಾಕ್ ಮಾಡುವುದು ಚೆನ್ನಾಗಿ ತಲುಪಿತ್ತು. ಆ ರಾತ್ರಿ ನಾನು ಕಣ್ಣು ಮುಚ್ಚಿದರೆ ಸಾಕು, ಪ್ಲಾಟ್‌ಫಾರ್ಮಿನಲ್ಲಿ ಟ್ರಂಕಿನ ಮೇಲೆ ಕೂತ ಅತ್ತೆ.

ಮರುದಿನ ಪ್ರಮಾಣಪತ್ರ ಹಿಡಿದು ಮನೆಗೆ ಬಂದರೆ ಅತ್ತೆ ಸೋಫಾದ ಮೇಲೆ ಚಹಾ ಹೀರುತ್ತಿದ್ದರು. ಅವ್ವ ಬರುವ ಸಂಗತಿ ಕಳ್ಳರಿಗೆ ಗೊತ್ತಾಗಿದೆ ಎಂದು ಹೆದರಿ, ಸುವರ್ಣಾ ರೈಲು ಬರುವ ಮೊದಲೇ ನಿಲ್ದಾಣಕ್ಕೆ ಓಡಿದ್ದಳಂತೆ. ಕರೆ ಮಾಡಿದವನು ಗಂಡನೇ ಎಂದು ನಂಬಿದ್ದರೆ, "ಅವರು ಹಂಗಾ ಅಂತಾರ, ಆದ್ರೂ ಹೋಗ್ತಾರ" ಎಂದು ಮನೆಯಲ್ಲೇ ಕೂತಿರುತ್ತಿದ್ದಳಂತೆ.

"ಆ ಫೋನು ಮಾಡಿದ್ದು ನಾನೇ," ಎಂದೆ.

"ಹಂಗಾದ್ರ ಪೆಂಡುರ್ತಿ ಅನ್ನಬೇಕಿತ್ತು."

ಅತ್ತೆ ಬಟ್ಟಲು ಕೆಳಗಿಟ್ಟರು. "ಎಲ್ಲಿ ಪೆಂಡುರ್ತಿ ಸುವರ್ಣಾ? ಧಾರವಾಡದಾಗ ಮದುವಿ ಮನ್ಯಾಗ. ಇವರನ್ನ ನೋಡಿ ಬಡಸಾವ ಅಂತ ತಿಳಕೊಂಡು, ಸಾರು ಹಾಕು ಅಂದಿದ್ದಿ. ಪಾಪ, ಹಾಕಿದ್ರು."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರಿಗೂ ಸಾರಿನ ನೆನಪಿಲ್ಲ.

ಅವಳು ಆ ರಾತ್ರಿಯೇ ಸೈಬರ್ ಸಹಾಯವಾಣಿಗೆ ದೂರನ್ನೂ ಕೊಟ್ಟಿದ್ದಳು: ಗಂಡನ ಧ್ವನಿಯಲ್ಲಿ ಅಪರಿಚಿತನ ಕರೆ. ವಾರದ ನಂತರ ಅದು ನಮ್ಮ ಠಾಣೆಗೆ ಬಂದು, ತರಬೇತಿ ಪಡೆದವನು ನಾನೊಬ್ಬನೇ ಎಂಬ ಕಾರಣಕ್ಕೆ ನನ್ನ ಮೇಜಿಗೆ ಬಂತು. ಕರೆ ಮಾಡಿದವನು ಸಮುದ್ರದ ದಂಡೆಯವನೋ, ಪೆಂಡುರ್ತಿಯವನೋ, ಸಾರು ಬಡಿಸಿದವನೋ, ನನಗೇ ಗೊತ್ತಾಗಲಿಲ್ಲ. ಕೊನೆಗೆ, "ಕರೆ ಮಾಡಿದವನು ಯಾರೆಂದು ಪತ್ತೆಯಾಗಿಲ್ಲ" ಎಂದು ಬರೆದು ಸಹಿ ಹಾಕಿದೆ. ನನ್ನ ನೌಕರಿಯಲ್ಲಿ ಅಷ್ಟು ಪ್ರಾಮಾಣಿಕವಾದ ವರದಿಯನ್ನು ನಾನು ಬರೆದದ್ದಿಲ್ಲ.