ಕೆಂಪು ಚೀಲದ ಕಾವಲು

ಓಕ್ ಮರದ ಬುಡಕ್ಕೆ ಒರಗಿಕೊಂಡು ಕೆಂಪು ಬೆನ್ನುಚೀಲವೊಂದು ಕುಳಿತಿತ್ತು. ಅದರ ಪಾಡಿಗೆ ಅದು ಕುಳಿತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅದು ಹೊವಾರ್ಡ್ ಪಿಂಕಸ್‌ನ ಕಣ್ಣಿಗೆ ಬಿತ್ತು. ಆ ದಿನ ಹೊವಾರ್ಡ್ ‘ಬಾಲ’ವಾಗಿದ್ದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶನಿವಾರದ ನಡಿಗೆ ಕ್ಲಬ್ಬಿನವರು ಬೆಳಗ್ಗೆ ನ್ಯೂಯಾರ್ಕಿನಲ್ಲಿ ರೈಲು ಹತ್ತಿ, ಕಾಡಿನಂಚಿನ ಪುಟ್ಟ ನಿಲ್ದಾಣದಲ್ಲಿ ಇಳಿದು, ಗುಡ್ಡ ಏರಿ, ಕೆರೆ ಸುತ್ತಿ, ಸಂಜೆಯ ರೈಲಿಗೆ ಮನೆಗೆ ಮರಳುವವರು. ಎಲ್ಲರಿಗಿಂತ ಮುಂದೆ ನಡೆಯುವವರು ಮುಂದಾಳು. ಕುತ್ತಿಗೆಯಲ್ಲಿ ಸೀಟಿ ಇರುವುದು ಅವರಿಗೇ. ಎಲ್ಲರಿಗಿಂತ ಹಿಂದೆ ನಡೆಯುವವನು ಬಾಲ. ಅವನಿಗೆ ಸೀಟಿ ಇಲ್ಲ, ಒಂದು ಕಾಯಿದೆ ಇದೆ. ದಾರಿಯಲ್ಲಿ ಯಾರಿಗಾದರೂ ಪೊದೆಯ ಹಿಂದೆ ಹೋಗುವ ಅವಸರವಾದರೆ ಅವರು ಚೀಲವನ್ನು ದಾರಿ ಪಕ್ಕ ಇಟ್ಟು ಹೋಗಬೇಕು. ಚೀಲ ಕಂಡ ಬಾಲ ಅದರ ಒಡೆಯ ಬರುವ ತನಕ ಮುಂದೆ ಹೋಗಬಾರದು. ಪೊದೆಗೆ ಬೆನ್ನು ಮಾಡಿ ನಿಂತು, “ನಿಧಾನ, ಅವಸರ ಏನಿಲ್ಲ!” ಎಂದು ಕೂಗಬೇಕು. ಇದು ಕ್ಲಬ್ಬಿನ ಮರ್ಯಾದೆ.

ಎರಡು ವರ್ಷದ ಹಿಂದೆ ಒಬ್ಬ ಬಾಲ ಈ ಕಾಯಿದೆ ಮುರಿದು ಮುಂದೆ ನಡೆದುಬಿಟ್ಟಿದ್ದ. ಹಿಂದುಳಿದ ಮುದುಕ ಚಳಿಯಲ್ಲಿ ರಾತ್ರಿಯೆಲ್ಲ ಬಂಡೆಯ ಮೇಲೆ ಕುಳಿತಿದ್ದು, ಬೆಳಗ್ಗೆ ಆಂಬುಲೆನ್ಸಿನಲ್ಲಿ ಊರಿಗೆ ಹೋದ. ಅಂದಿನಿಂದ ಮುಂದಾಳು ಡೊಲೊರೆಸ್ ಕ್ವಿಗ್ಲಿ ಬಾಲವನ್ನು ಆರಿಸುವುದರಲ್ಲಿ ಬಹಳ ಬಿಗಿ. ಆಕೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಆಕೆ ನೋಡಿದರೆ ಮರಗಳೂ ಸಾಲಾಗಿ ನಿಲ್ಲಬೇಕು.

ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಹೊವಾರ್ಡ್‌ಗೆ ಜೀವನದಲ್ಲಿ ದೊಡ್ಡ ಆಸೆಗಳಿರಲಿಲ್ಲ. ಒಂದೇ ಒಂದು ಸಲ ಆ ಸೀಟಿಯನ್ನು ಕುತ್ತಿಗೆಗೆ ಹಾಕಿಕೊಂಡು ಮುಂದೆ ನಡೆಯಬೇಕು. ನಾಲ್ಕು ವರ್ಷದಿಂದ ಇತರರ ಬೆನ್ನು ನೋಡಿ ನೋಡಿ ಅವನಿಗೆ ಸಾಕಾಗಿತ್ತು. ಬೆಳಗ್ಗೆ ಡೊಲೊರೆಸ್ ಹೇಳಿದ್ದರು:

“ನಾನು ಈ ವರ್ಷ ಸೀಟಿ ಬಿಡ್ತಿದೀನಿ ಹೊವಾರ್ಡ್. ಇವತ್ತು ಬಾಲದ ಕೆಲಸ ನೆಟ್ಟಗೆ ಮಾಡು, ಆಮೇಲೆ ನೋಡೋಣ.”

“ಒಬ್ಬರು ಹಿಂದೆ ಉಳಿದ್ರೆ?”

“ಸೀಟಿ ಮರ್ತುಬಿಡು.”

ಹೀಗಾಗಿ ನಿಲ್ದಾಣಕ್ಕೆ ಮರಳುವ ದಾರಿಯಲ್ಲಿ ಹೊವಾರ್ಡ್ ಕೆಂಪು ಚೀಲದ ಪಕ್ಕ ಕಂಬದಂತೆ ನಿಂತ.

“ನಿಧಾನ, ಅವಸರ ಏನಿಲ್ಲ!” ಎಂದ ಪೊದೆಗೆ ಬೆನ್ನು ಹಾಕಿ.

ಪೊದೆಯಿಂದ ಯಾರೂ ಹೊರಬರಲಿಲ್ಲ. ಮುಂದೆ ಹೋದವರ ಮಾತು ಕ್ರಮೇಣ ಸಣ್ಣದಾಗಿ ಕೊನೆಗೆ ನಿಂತುಹೋಯಿತು. ಫೋನಿಗೆ ಸಿಗ್ನಲ್ ಇಲ್ಲ. ಅರ್ಧ ಗಂಟೆಯಾಯಿತು. ಹೊವಾರ್ಡ್ ಇನ್ನೊಮ್ಮೆ, ಸ್ವಲ್ಪ ಜೋರಾಗಿ, “ನಿಧಾನ!” ಎಂದು ಕೂಗಿದ.

ಅಷ್ಟರಲ್ಲಿ ನಾಯಿಯನ್ನು ಹಿಡಿದುಕೊಂಡು ದಪ್ಪ ಸ್ವೆಟರಿನ ಹೆಂಗಸೊಬ್ಬಳು ಬಂದಳು.

“ಏನ್ರೀ, ಪೊದೆ ಹತ್ರ ಮಾತಾಡ್ತಿದೀರಿ?”

“ಒಳಗೆ ನಮ್ಮವರೊಬ್ಬರು ಇದಾರೆ. ಅರ್ಧ ಗಂಟೆ ಆಯ್ತು.”

“ಅರ್ಧ ಗಂಟೇನಾ!” ಹೆಂಗಸು ಎದೆ ಮುಟ್ಟಿಕೊಂಡಳು. “ನಮ್ಮ ಮಾವನೂ ಹಿಂಗೇ ಹೋಗಿದ್ದು. ಬಚ್ಚಲಿಗೆ ಹೋದ್ರು, ಸದ್ದೇ ಇಲ್ಲ. ನಾವು ಪೇಪರ್ ಓದ್ತಿದಾರೆ ಅಂದ್ಕೊಂಡ್ವಿ.”

ನಾಯಿಯನ್ನು ಪೊದೆಯ ಹಿಂದೆ ಬಿಟ್ಟರು. ಅದು ಎಲ್ಲ ಮೂಸಿ, ತನ್ನದೊಂದು ಕೆಲಸವನ್ನೂ ಮುಗಿಸಿಕೊಂಡು, ಬರಿಗೈಯಲ್ಲಿ ಬಂದಿತು.

“ಹೋದ ವಾರ ಕೆರೆ ಹತ್ರ ಕರಡಿ ಬಂದಿತ್ತಂತೆ,” ಎಂದಳು ಹೆಂಗಸು, ಧೈರ್ಯ ಹೇಳುವ ದನಿಯಲ್ಲಿ. “ಚೀಲ ಬಿಚ್ಚಿ ನೋಡ್ರೀ, ಯಾರದು ಅಂತಾದ್ರೂ ಗೊತ್ತಾಗ್ಲಿ.”

ಬೇರೆಯವರ ಚೀಲಕ್ಕೆ ಕೈ ಹಾಕುವುದು ಹೊವಾರ್ಡ್‌ಗೆ ಒಪ್ಪಿಗೆಯಾಗದ ಕೆಲಸ. ಆದರೂ ಬಿಚ್ಚಿದ. ಉಣ್ಣೆಯ ಕಾಲುಚೀಲ, ಅರ್ಧ ತಿಂದ ಸಲಾಮಿ ಸ್ಯಾಂಡ್‌ವಿಚ್, ತಳದಲ್ಲಿ ಒಂದು ಮಾತ್ರೆ ಡಬ್ಬಿ. ಎದೆನೋವು ಬಂದಾಗ ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆ. ಮೇಲೆ ಹೆಸರು: ಕಾರ್ಮೈನ್ ಮಝರೆಲ್ಲಾ.

ಹೊವಾರ್ಡ್ ಡಬ್ಬಿಯನ್ನು ಜೇಬಿಗೆ ತುರುಕಿದ. ಕಾರ್ಮೈನ್ ಅವನ ಕ್ಲಬ್ಬಿನ ಗೆಳೆಯ. ಕಳೆದ ವಸಂತದಲ್ಲಷ್ಟೇ ಹೃದಯದ ಆಪರೇಷನ್ ಆಗಿತ್ತು. ಈಗ ಮನುಷ್ಯ ಎಲ್ಲೋ ಬಿದ್ದಿದ್ದಾನೆ, ಮಾತ್ರೆ ಇಲ್ಲಿ ಕುಳಿತಿದೆ! ಸೀಟಿಯ ಆಸೆ ಆ ಕ್ಷಣಕ್ಕೆ ಹಾರಿಹೋಯಿತು. ಅವನಿಗೆ ನಿಜವಾಗಿಯೂ ಭಯವಾಯಿತು.

“ಚೀಲ ನೋಡ್ಕೊಳ್ಳಿ!” ಎಂದವನೇ ತನ್ನ ಚೀಲವನ್ನೂ ಅಲ್ಲೇ ಎಸೆದು ಕೆರೆಯತ್ತ ಇಳಿಜಾರಿನಲ್ಲಿ ಓಡಿದ. ಒದ್ದೆ ಎಲೆಗಳ ಮೇಲೆ ಎರಡು ಸಲ ಜಾರಿ ಬಿದ್ದ. “ಕಾರ್ಮೈನ್! ಕಾರ್ಮೈನ್!” ಎಂಬ ಕೂಗು ಎದುರಿನ ಗುಡ್ಡಕ್ಕೆ ಬಡಿದು ಹಿಂದಿರುಗಿತು.

ಜೊಂಡಿನ ನಡುವೆ ನೀರಿನಲ್ಲಿ ಕಂದು ಟೊಪ್ಪಿಗೆಯೊಂದು ಅಲ್ಲಾಡದೆ ತೇಲುತ್ತಿತ್ತು. ಕಾರ್ಮೈನ್ ಹಾಕುವುದೂ ಕಂದು ಟೊಪ್ಪಿಗೆಯೇ.

“ಬಂದೆ ಮಾರಾಯ, ಬಂದೆ!” ಎನ್ನುತ್ತ ಹೊವಾರ್ಡ್ ಷೂ ಸಮೇತ ನೀರಿಗಿಳಿದ. ಅಕ್ಟೋಬರಿನ ನೀರು ಮೊಣಕಾಲು ದಾಟಿ, ಸೊಂಟ ಮುಟ್ಟಿದಾಗ ಅವನಿಗೆ ಉಸಿರೇ ನಿಂತಂತಾಯಿತು. ಹಲ್ಲು ಕಟಕಟಿಸುತ್ತ ಕೈ ಚಾಚಿದ. ಟೊಪ್ಪಿಗೆ ಕುತ್ತಿಗೆ ಹೊರಹಾಕಿ ಅವನನ್ನೊಮ್ಮೆ ನೋಡಿ, ನೀರಲ್ಲಿ ಅರ್ಧ ಮುಳುಗಿದ್ದ ಮರದ ದಿಮ್ಮಿಯಿಂದ ಜಾರಿ ಬುಳಕ್ಕನೆ ಮುಳುಗಿತು. ಆಮೆ.

ಒದ್ದೆ ಕೋಳಿಯಂತೆ ಮೇಲೆ ಬಂದಾಗ ಓಕ್ ಮರದ ಬಳಿ ಅರಣ್ಯ ಇಲಾಖೆಯ ಟ್ರಕ್ಕು ನಿಂತಿತ್ತು. ಎತ್ತರದ ಬಂಡೆ ಹತ್ತಿ ಸಿಗ್ನಲ್ ಹಿಡಿದು, ಕರಡಿ, ಕೆರೆ, ಎದೆನೋವು ಎಲ್ಲವನ್ನೂ ಸೇರಿಸಿ ನಾಯಿಯ ಹೆಂಗಸು ಫೋನ್ ಮಾಡಿಬಿಟ್ಟಿದ್ದಳು.

“ಗಾಬರಿ ಆಗ್ಬೇಡಿ ಯಜಮಾನ್ರೇ,” ಎಂದ ಅರಣ್ಯ ಕಾವಲುಗಾರ. “ಒಬ್ಬರು ಕಾಣೆಯಾಗಿರೋದು ನಮಗೆ ಆಗ್ಲೇ ಗೊತ್ತಾಗಿದೆ. ಸ್ಟೇಷನ್ನಿಂದ ಕ್ಲಬ್ಬಿನ ಮೇಡಂ ಫೋನ್ ಮಾಡಿದ್ರು. ಹುಡುಕ್ತಿದೀವಿ.”

“ಕಾರ್ಮೈನ್ ಮಝರೆಲ್ಲಾ ತಾನೇ?”

“ಅಲ್ಲ. ಹಸಿರು ಜಾಕೆಟ್ಟು, ದಪ್ಪ ಕನ್ನಡಕ. ಹೊವಾರ್ಡ್ ಪಿಂಕಸ್ ಅಂತ.”

ಹೊವಾರ್ಡ್ ತನ್ನ ಹಸಿರು ಜಾಕೆಟ್ಟು ನೋಡಿಕೊಂಡ. ದಪ್ಪ ಕನ್ನಡಕದಿಂದ ನೀರು ತೊಟ್ಟಿಕ್ಕುತ್ತಿತ್ತು.

ನಿಲ್ದಾಣಕ್ಕೆ ಟ್ರಕ್ಕು ತಲುಪಿದಾಗ ಮೊದಲು ಕಂಡವನು ಕಾರ್ಮೈನ್. ಬೆಂಚಿನ ಮೇಲೆ ಕುಳಿತು ಡೋನಟ್ ತಿನ್ನುತ್ತಿದ್ದ. ಹೊವಾರ್ಡ್‌ಗೆ ಅವನನ್ನು ತಬ್ಬಿಕೊಳ್ಳಬೇಕೋ ಕೆರೆಗೆ ನೂಕಬೇಕೋ ತಿಳಿಯಲಿಲ್ಲ. ಕಣ್ಣಲ್ಲಿ ನೀರೇ ಬಂತು.

“ಅಯ್ಯೋ, ಬಂತಾ ನನ್ನ ಚೀಲ!” ಎಂದು ಓಡಿಬಂದಳು ಕಾರ್ಮೈನ್‌ನ ಹೆಂಡತಿ ಲೊರೇನ್. “ಭುಜ ಬಿದ್ದುಹೋಗಿತ್ತು ಹೊವಾರ್ಡ್! ಹೆಂಗೂ ಹಿಂದೆ ನೀನು ಬರ್ತೀಯಲ್ಲ, ತರ್ತೀಯ ಅಂತ ಮರಕ್ಕೆ ಒರಗಿಸಿ ಬಂದೆ.”

“ಮಾತ್ರೆ! ಇವನ ಮಾತ್ರೆ ಇತ್ತಲ್ಲ ಅದ್ರಲ್ಲಿ!”

“ಅದು ಹಳೇದು ಕಣೋ,” ಎಂದ ಕಾರ್ಮೈನ್ ಜೇಬು ತಟ್ಟಿ. “ಹೊಸದು ಇಲ್ಲಿದೆ. ಡೋನಟ್ ತಿಂತೀಯಾ?”

ಡೊಲೊರೆಸ್ ಎದ್ದು ನಿಂತರು.

“ಇಷ್ಟು ವರ್ಷದಲ್ಲಿ ಇಂಥ ಬಾಲ ನಾನು ನೋಡಿಲ್ಲ ಹೊವಾರ್ಡ್. ಒಂದು ಚೀಲಕ್ಕೋಸ್ಕರ ಕೆರೆಗೆ ಇಳಿದಿದೀಯ.” ಆಕೆ ಕುತ್ತಿಗೆಯಿಂದ ಸೀಟಿ ತೆಗೆದರು. ಹೊವಾರ್ಡ್ ಒದ್ದೆ ತಲೆಯನ್ನು ಬಾಗಿಸಿದ. “ಇಂಥವನನ್ನ ಮುಂದಕ್ಕೆ ಕಳಿಸಿದ್ರೆ ಹಿಂದುಳಿದವರಿಗೆ ಯಾರು ದಿಕ್ಕು? ಇನ್ಮೇಲೆ ಬಾಲದ ಜಾಗ ನಿನಗೆ ಕಾಯಂ. ಸೀಟಿ ಲೊರೇನ್‌ಗೆ. ಇವತ್ತು ಎಲ್ಲರಿಗಿಂತ ಮೊದಲು ಸ್ಟೇಷನ್ ಮುಟ್ಟಿದ್ದು ಅವಳೇ, ಜಿಂಕೆ ಥರ ನಡೆದಳು.”

“ಚೀಲ ಇರ್ಲಿಲ್ವಲ್ಲ, ಹಗುರ ಆಗಿತ್ತು,” ಎಂದು ಲೊರೇನ್ ನಾಚಿಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ರೈಲು ಬಂತು. ಲೊರೇನ್ ಸೀಟಿ ಊದಿದಳು, ಎಲ್ಲರೂ ನುಗ್ಗಿ ಹತ್ತಿದರು. ಕಾಯಿದೆಯಂತೆ ಹೊವಾರ್ಡ್ ಕೊನೆಯವನು. ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಅಭ್ಯಾಸಬಲದಿಂದ ಹಿಂದಿರುಗಿ ನೋಡಿದ.

ಪ್ಲಾಟ್‌ಫಾರಮ್ಮಿನ ಕಂಬಕ್ಕೆ ಒರಗಿಕೊಂಡು ಕೆಂಪು ಚೀಲ ಕುಳಿತಿತ್ತು.

ಕಂಬದ ಹಿಂದೆ ಯಾರೂ ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದರ ಒಡತಿ ಕಿಟಕಿ ಪಕ್ಕ ಸೀಟು ಹಿಡಿದು ಆರಾಮವಾಗಿ ಕುಳಿತದ್ದನ್ನೂ ಕಂಡಿದ್ದ. ಆದರೂ ಅವನ ಕಾಲು ಅವನ ಮಾತು ಕೇಳಲಿಲ್ಲ. ಇಳಿದ, ನಾಲ್ಕು ಹೆಜ್ಜೆ ಓಡಿದ, ಚೀಲ ಎತ್ತಿಕೊಂಡ. ಹಿಂದೆ ರೈಲಿನ ಬಾಗಿಲು ಮುಚ್ಚಿಕೊಂಡಿತು.

ಮುಂದಿನ ರೈಲು ಎರಡು ಗಂಟೆ ಬಿಟ್ಟು. ಚಲಿಸುತ್ತಿದ್ದ ಕಿಟಕಿಯಿಂದ ಲೊರೇನ್ ಕೊರಳ ಸೀಟಿ ಹಿಡಿದುಕೊಂಡು, ಚೀಲ ಸಿಕ್ಕಿದ ಖುಷಿಯಲ್ಲಿ ಕೈಬೀಸಿ ಕೂಗಿದಳು:

“ನಿಧಾನ ಹೊವಾರ್ಡ್, ಅವಸರ ಏನಿಲ್ಲ!”