ಬಾಸ್ಕ್ ಕರಾವಳಿಯಲ್ಲಿ ನಾಲ್ಕನೇ ಸೀಟು

ಹೋಗಿ ಬಂದ ಊರಿನ ಬಗ್ಗೆ ಯಾರು ಬೇಕಾದರೂ ಬರೆದಾರು. ಹೋಗದ ಊರಿನ ಬಗ್ಗೆ, ಅದೂ ಅಲ್ಲೇ ಹುಟ್ಟಿ ಬೆಳೆದವನ ಹಾಗೆ ಬರೆಯಬೇಕಾದರೆ ಒಂದೋ ಧೈರ್ಯ ಇರಬೇಕು, ಇಲ್ಲವೇ ಸಂಬಳದ ಅಗತ್ಯ ಇರಬೇಕು. ನನಗಿದ್ದದ್ದು ಎರಡನೆಯದು. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಕೆಳಗಡೆ ಸ್ಕ್ರೂ ಮಾಡುವ ಕಾರ್ಖಾನೆ, ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗಿನವರು ಮಾಡಿದ ಸ್ಕ್ರೂ ಎಲ್ಲಾದರೂ ಹೋಗಿ ಗಟ್ಟಿಯಾಗಿ ಕೂರುತ್ತಿತ್ತು. ನಾವು ಮಾಡಿದ್ದು ಎಲ್ಲಿ ಹೋಗಿ ಕೂರುತ್ತದೆ ಎಂದು ನಮಗೇ ಗೊತ್ತಿರಲಿಲ್ಲ. ವಿದೇಶದ ಯಾವ ಯಾವುದೋ ವೆಬ್‌ಸೈಟುಗಳಿಗೆ ಪ್ರವಾಸದ ಸಲಹೆ ಬರೆದುಕೊಡುವುದು ನಮ್ಮ ಉದ್ಯೋಗ. ಆ ಲೆಕ್ಕದಲ್ಲಿ ನಾನು ಪ್ಯಾರಿಸ್ಸಿನಲ್ಲಿ ಹುಟ್ಟಿದ್ದೇನೆ, ಹನೋಯಿಯಲ್ಲಿ ನೂಡಲ್ಸ್ ಅಂಗಡಿ ಇಟ್ಟಿದ್ದೇನೆ, ವೆನಿಸ್ಸಿನ ದೋಣಿಯಲ್ಲಿ ಪ್ರೀತಿಯ ಅಜ್ಜಿಯನ್ನು ಕಳೆದುಕೊಂಡಿದ್ದೇನೆ. ನಿಜದಲ್ಲಿ, ಉಡುಪಿಗೆ ಹೋಗಿಬರುವುದನ್ನು ಬಿಟ್ಟರೆ, ಡೊಂಬಿವಲಿಯಲ್ಲಿ ಇಳಿಯಬೇಕಾದವನು ಲೋಕಲಿನಲ್ಲಿ ನಿದ್ದೆಹೋಗಿ ಕೊನೆಯ ಸ್ಟೇಷನ್ ಕಸಾರಾದಲ್ಲಿ ಎಚ್ಚರವಾದದ್ದೇ ನನ್ನ ದೂರದ ಪ್ರವಾಸ.

ಒಂದು ದಿನ ನಮ್ಮ ಸಾವಂತ್ ಸರ್ ಬಂದು, ಸ್ಪೇನಿನ ಉತ್ತರಕ್ಕೆ ಬಾಸ್ಕ್ ಅಂತ ಒಂದು ಪ್ರದೇಶ ಇದೆ, ಅಲ್ಲಿನ ಕರಾವಳಿ ಊರುಗಳ ಊಟ, ಓಡಾಟದ ಬಗ್ಗೆ ಸಂಜೆಯೊಳಗೆ ಬೇಕು ಎಂದರು. ಓದಿದವನಿಗೆ ಬರೆದವನು ಅಲ್ಲಿಯವನೇ ಅನ್ನಿಸಬೇಕಂತೆ. ನಾನು ತಕ್ಷಣ ಮೀನುಗಾರನ ಮಗ ಮಿಕೆಲ್ ಆದೆ. ಊಟದ ಹೊತ್ತಿನ ತನಕ ಇಂಟರ್ನೆಟ್ ಇತ್ತು. ಸಾನ್ ಸೆಬಾಸ್ಟಿಯನ್, ಗೆತಾರಿಯಾ, ಸುಮಾಯಾ ಅಂತ ಓದಿ ಓದಿ ಒಂದಿಷ್ಟು ಬರೆದೆ. ಊಟದ ಮೇಲೆ ಇಂಟರ್ನೆಟ್ ಹೋಯಿತು. ಉಳಿದದ್ದನ್ನು ತಲೆಯಿಂದ ಬರೆದೆ. ನನ್ನ ತಲೆಯಲ್ಲಿ ಇದ್ದ ಕರಾವಳಿ ಮಲ್ಪೆಯದ್ದು, ಇದ್ದ ರೈಲು ಡೊಂಬಿವಲಿಯದ್ದು, ಇದ್ದ ಹೋಟೆಲು ನನ್ನ ಚಿಕ್ಕಪ್ಪನದ್ದು. ಸಂಜೆಗೆ ಲೇಖನ ಹೋಯಿತು. ಸಾವಂತ್ ಸರ್ ಓದಿ, ಈ ಮಿಕೆಲನ ಮನೆಗೆ ಒಮ್ಮೆ ಊಟಕ್ಕೆ ಹೋಗಬೇಕು ಎಂದರು. ನಾನು ಅದನ್ನು ಅಲ್ಲಿಗೇ ಮರೆತೆ.

ಚಿಕ್ಕಪ್ಪನ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಠಾಣೆಯ ನೌಪಾಡಾದಲ್ಲಿ ಅವರದ್ದು ಉಡುಪಿ ಹೋಟೆಲು, ಶುದ್ಧ ಸಸ್ಯಾಹಾರಿ. ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿ ಅವರ ಮೈಯ ಆಕಾರಕ್ಕೇ ಬಗ್ಗಿಹೋಗಿದೆ. ಮಕ್ಕಳಿಲ್ಲದ ಅವರ ಕಣ್ಣು ಮೊದಲಿನಿಂದಲೂ ನನ್ನ ಮೇಲೆ. ನಾನು ಮಾಡುವುದು ಕೆಲಸವೇ ಅಲ್ಲ, ಕೂತು ಟೈಪ್ ಮಾಡುವುದು. ಹೇಗೂ ಕೂರುವವನು ಗಲ್ಲಾದಲ್ಲಿ ಕೂರಲಿ ಎಂಬುದು ಅವರ ವಾದ. ಈ ದೀಪಾವಳಿಯಿಂದ ಬಂದು ಕೂರಬೇಕು ಎಂದು ಅಪ್ಪನ ಹತ್ತಿರ ಮಾತೂ ಆಗಿತ್ತು. ನನಗೋ ಆ ಕುರ್ಚಿ ನೋಡಿದರೇ ಬೆನ್ನು ಬಗ್ಗಿದ ಹಾಗಾಗುತ್ತಿತ್ತು.

ಅಷ್ಟರಲ್ಲಿ ಅವರಿಗೆ ಗ್ರೈಂಡರ್, ಸ್ಟೀಮರ್ ಮಾರುವ ಕಂಪನಿಯವರು ಒಳ್ಳೆಯ ಗಿರಾಕಿಗಳನ್ನು ಸ್ಪೇನಿನಲ್ಲಿ ನಡೆಯುವ ಅಡುಗೆ ಯಂತ್ರಗಳ ಮೇಳಕ್ಕೆ ಜೋಡಿಯಾಗಿ ಕರೆದುಕೊಂಡು ಹೋಗುತ್ತೇವೆ ಎಂದರು. ಮೇಳ ಮುಗಿದ ಮೇಲೆ ಕೆಲವು ದಿನ ಬಿಡುವು. ಚಿಕ್ಕಮ್ಮ ಯಾವತ್ತೂ ಏನನ್ನೂ ಕೇಳಿದವರಲ್ಲ, ಈ ಸಲ ಮಾತ್ರ ಸಮುದ್ರ ಇರುವ ಊರೇ ಆಗಬೇಕು ಎಂದು ಪಟ್ಟು ಹಿಡಿದರು. ಚಿಕ್ಕಪ್ಪ ಸ್ಪೇನ್, ಸಮುದ್ರ, ಊಟ ಎಂದು ಹುಡುಕಿದರು. ಪ್ರಿಂಟ್ ತೆಗೆಸಿಕೊಂಡು ಬಂದ ಹಾಳೆಗಳನ್ನು ನನ್ನ ಕೈಗಿಟ್ಟು, ಇಂಗ್ಲಿಷಿನಲ್ಲಿದೆ, ಚಿಕ್ಕಮ್ಮನಿಗೆ ಕನ್ನಡದಲ್ಲಿ ಓದಿ ಹೇಳು ಎಂದರು. ಮೇಲೆ ದೊಡ್ಡ ಅಕ್ಷರದಲ್ಲಿ ಮಿಕೆಲ್ ಎಂದಿತ್ತು.

“ನೋಡು ರಾಘು, ಬರೆದರೆ ಹೀಗೆ ಬರೀಬೇಕು,” ಎಂದರು ಚಿಕ್ಕಪ್ಪ. “ನೀನು ಹೀಗೆ ಬರೆಯುವವನಾಗಿದ್ರೆ ನಾನು ಗಲ್ಲಾದ ಸುದ್ದಿಯೇ ಎತ್ತುತ್ತಿರಲಿಲ್ಲ.”

ನನ್ನ ಸ್ಥಿತಿ ಹೇಗಿದ್ದಿರಬಹುದು ಯೋಚಿಸಿ. ನಾನೇ ಬರೆದದ್ದು ಎಂದರೆ ಗಲ್ಲಾದಿಂದ ಬಿಡುಗಡೆ. ಆದರೆ ಅರ್ಧ ಸುಳ್ಳು ಎಂದೂ ಹೇಳಬೇಕು, ಹೇಳಿದರೆ ಚಿಕ್ಕಮ್ಮನ ಸಮುದ್ರ ಹೋಯಿತು. ನನ್ನ ಲೇಖನವನ್ನು ನಾನೇ ಓದತೊಡಗಿದೆ. ಅಲ್ಲಿನ ಸಣ್ಣ ಖಾನಾವಳಿಗಳಲ್ಲಿ ತಿಂಡಿಗೆ ಕಡ್ಡಿ ಚುಚ್ಚಿ ಕೌಂಟರಿನ ಮೇಲೆ ಇಟ್ಟಿರುತ್ತಾರೆ, ನೀವೇ ತೆಗೆದುಕೊಂಡು ನಿಂತು ತಿನ್ನಿ, ಕೊನೆಗೆ ಕಡ್ಡಿ ಎಣಿಸಿ ದುಡ್ಡು ಕೊಡಿ. ಕೈ ಒರೆಸಿದ ಕಾಗದವನ್ನು ನೆಲಕ್ಕೇ ಹಾಕಿ, ಹಳೆಯ ಅಂಗಡಿಗಳಲ್ಲಿ ಅದೇ ರೂಢಿ. ಊರಿನ ವೈನನ್ನು ಕೈ ಮೇಲೆತ್ತಿ ಎತ್ತರದಿಂದ ಸುರಿಯುತ್ತಾರೆ, ನೋಡಲು ಮರೆಯಬೇಡಿ. ಎಣ್ಣೆಯಲ್ಲಿ ಹುರಿದ ಹಸಿಮೆಣಸಿಗೆ ಹೆದರಬೇಡಿ, ಖಾರವಿರುವುದಿಲ್ಲ. ಕರಾವಳಿಯ ಸಣ್ಣ ರೈಲಿನಲ್ಲಿ ಹೋಗುವಾಗ ನಾಲ್ಕನೇ ಸೀಟು ಕೇಳಲು ಸಂಕೋಚ ಬೇಡ. ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಸೊಂಟದಿಂದ ಮೆಲ್ಲಗೆ ಒತ್ತಿದರೆ ಸಾಕು, ಸರಿಯುತ್ತಾರೆ.

ಚಿಕ್ಕಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿ, “ಅಲ್ಲೂ ಉಂಟಾ ನಾಲ್ಕನೇ ಸೀಟು?” ಎಂದರು. ನಮ್ಮ ಲೋಕಲಿನಲ್ಲಿ ಮೂವರ ಬೆಂಚಿನ ತುದಿಗೆ ನಾಲ್ಕನೆಯವರು ಅರ್ಧ ತೊಡೆ ಊರುತ್ತಾರಲ್ಲ, ಅದರಲ್ಲಿ ಚಿಕ್ಕಮ್ಮ ಪಳಗಿದವರು. ಮೊದಲು ಡೊಂಬಿವಲಿಯಿಂದ ಠಾಣೆಗೆ ಲೇಡೀಸ್ ಡಬ್ಬದಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದರು. ಉಂಟು ಚಿಕ್ಕಮ್ಮ, ಎಲ್ಲ ಊರಲ್ಲೂ ಉಂಟು ಎಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಮತ್ತೆ ತುರಿಯತೊಡಗಿದರು.

ಅವರು ವಿಮಾನ ಹತ್ತಿದ ಮೇಲೆ ನನಗೆ ನಿಜವಾದ ಗೊಂದಲ ಶುರುವಾಯಿತು. ಲೇಖನದಲ್ಲಿ ಯಾವುದು ಊಟಕ್ಕೆ ಮೊದಲಿನದು, ಯಾವುದು ಊಟದ ನಂತರದ್ದು? ಎಷ್ಟು ತಲೆ ಕೆರೆದುಕೊಂಡರೂ ಬೇರ್ಪಡುತ್ತಿಲ್ಲ. ತಿಂಡಿಯನ್ನು ಗಿರಾಕಿಯೇ ತೆಗೆದುಕೊಳ್ಳುವುದು, ಅವನು ಎಷ್ಟು ತಿಂದ ಎಂದು ಅವನ ಕಡ್ಡಿಯನ್ನೇ ನಂಬುವುದು! ನೌಪಾಡಾದಲ್ಲಿ ಎರಡನೇ ಚಟ್ನಿ ಕೊಡುವಾಗಲೂ ಮುಖ ನೋಡಿ ಕೊಡುತ್ತಾರೆ. ಖಂಡಿತ ನನ್ನದೇ ಕಲ್ಪನೆ. ಕಾಗದ ನೆಲಕ್ಕೆ ಹಾಕುವುದು? ಯುರೋಪಿನಲ್ಲಿ? ಅದು ಕಲ್ಯಾಣ ಸ್ಟೇಷನ್ ನನ್ನ ತಲೆಗೆ ನುಗ್ಗಿದ್ದು. ಎತ್ತರದಿಂದ ಸುರಿಯುವುದು ಚಿಕ್ಕಪ್ಪ ಲೋಟದಿಂದ ಲೋಟಕ್ಕೆ ಕಾಫಿ ಎಳೆಯುವುದರ ನಕಲು, ಅನುಮಾನವೇ ಇಲ್ಲ. ಇಡೀ ಲೇಖನದಲ್ಲಿ ಅನುಮಾನ ಬಾರದ ಒಂದೇ ಒಂದು ವಿಷಯ ಎಂದರೆ ನಾಲ್ಕನೇ ಸೀಟು. ರೈಲು ಎಂದ ಮೇಲೆ ಅದು ಇದ್ದೇ ಇರುತ್ತದೆ, ಅದನ್ನು ಕಲ್ಪಿಸುವ ಅಗತ್ಯವೇನು?

ಸುಮ್ಮನಿರಬಹುದಿತ್ತು. ಆದರೆ ಚಿಕ್ಕಪ್ಪ ಅನ್ಯರ ಕೌಂಟರಿಗೆ ಕೈ ಹಾಕಿ ಪೊಲೀಸರ ಕೈಗೆ ಸಿಕ್ಕುವ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು. ಅವರು ಸಾನ್ ಸೆಬಾಸ್ಟಿಯನ್ ಮುಟ್ಟಿದ ದಿನ ಫೋನ್ ಮಾಡಿ, ಆ ಮಿಕೆಲನನ್ನು ಪೂರ್ತಿ ನಂಬಬೇಡಿ, ಕೌಂಟರಿನಿಂದ ಏನನ್ನೂ ಮುಟ್ಟಬೇಡಿ, ಮೇಜಿನಲ್ಲಿ ಕೂತಿರಿ, ವೇಟರ್ ತಾನಾಗಿ ಬರುತ್ತಾನೆ, ಕಾಗದವನ್ನು ಮಾತ್ರ ಅಪ್ಪಿತಪ್ಪಿಯೂ ಕೆಳಗೆ ಹಾಕಬೇಡಿ ಎಂದು ವಿವರಿಸಿದೆ. ರೈಲಿನದ್ದು ಸರಿಯಾಗಿದೆ, ಅದನ್ನು ಹಾಗೇ ಮಾಡಿ ಎಂದೂ ಸೇರಿಸಿದೆ. ಇಷ್ಟು ಖಚಿತವಾಗಿ ನಾನು ಜೀವನದಲ್ಲಿ ಯಾರಿಗೂ ಸಲಹೆ ಕೊಟ್ಟಿರಲಿಲ್ಲ.

ಅವರು ವಾಪಸು ಬಂದ ಮರುದಿನ ಸಂಜೆ ನನ್ನನ್ನು ಹೋಟೆಲಿಗೆ ಕರೆಸಿದರು. ಚಿಕ್ಕಪ್ಪ ಮೊದಲು ತಮ್ಮ ಕೋಟನ್ನು ತಂದು ಮೇಜಿನ ಮೇಲೆ ಝಾಡಿಸಿದರು. ಎಲ್ಲ ಜೇಬುಗಳಿಂದಲೂ ಕೈ ಒರೆಸಿದ ಕಾಗದದ ಉಂಡೆಗಳು ಉದುರಿದವು. ಅಂಗಡಿಯಲ್ಲಿದ್ದವರೆಲ್ಲ ನೆಲಕ್ಕೆ ಹಾಕುತ್ತಿದ್ದರಂತೆ, ಇವರು ಮಾತ್ರ ನನ್ನ ಮಾತು ಕೇಳಿ ಜೇಬಿನಲ್ಲಿಟ್ಟುಕೊಂಡು ತಿರುಗಿದರಂತೆ. ಮೇಜಿನಲ್ಲಿ ವೇಟರನನ್ನು ಕಾದು ಕಾದು ಹೊಟ್ಟೆ ಬೆನ್ನಿಗೆ ಹತ್ತಿತು. ಹೋಟೆಲು ನಡೆಸುವವನನ್ನೇ ಹೋಟೆಲಿನಲ್ಲಿ ಯಾರೂ ಕೇಳುವವರಿಲ್ಲ ಎಂದರೆ ಏನು ಅವಮಾನ! ಕೊನೆಗೆ ಚಿಕ್ಕಮ್ಮನೇ ಎದ್ದು, ಮಿಕೆಲ್ ಹೇಳಿದ ಹಾಗೆ ಕೌಂಟರಿಗೆ ಹೋಗಿ, ಸಸ್ಯಾಹಾರ ಯಾವುದೆಂದು ಕೈಸನ್ನೆಯಲ್ಲಿ ಕೇಳಿ, ಹುರಿದ ಅಣಬೆ ಚುಚ್ಚಿದ ಎರಡು ಕಡ್ಡಿ ತಂದರಂತೆ. ವೈನು ಸುರಿಯುವವನ ಕೈ ನೋಡಿ ಚಿಕ್ಕಪ್ಪನಿಗೆ ಅಸೂಯೆಯೇ ಆಯಿತು. ಕುಡಿಯಲಿಲ್ಲ, ಎರಡು ನೀರಿನ ಲೋಟ ಈಸಿಕೊಂಡು ತಾವು ಕಾಫಿ ಎಳೆಯುವ ಎತ್ತರ ತೋರಿಸಿ ಬಂದರು.

ಇನ್ನು ರೈಲು. ಸುಮಾಯಾಕ್ಕೆ ಹೋಗುವ ಡಬ್ಬ ಪೂರ್ತಿ ಖಾಲಿ. ಒಂದು ಮುದುಕ, ಒಂದು ಮುದುಕಿ, ಅಷ್ಟೇ. ಎಲ್ಲಿ ಬೇಕಾದರೂ ಕೂರಬಹುದಿತ್ತು. ಆದರೆ ಬರೆದಾಗಿದೆ, ನಾನೂ ಫೋನಿನಲ್ಲಿ ಒತ್ತಿ ಹೇಳಿದ್ದೇನೆ. ಚಿಕ್ಕಪ್ಪ, ಚಿಕ್ಕಮ್ಮ ಹೋಗಿ ಆ ಮುದುಕರ ಪಕ್ಕದಲ್ಲೇ ನಿಂತು, ಕಣ್ಣಲ್ಲಿ ಕಣ್ಣಿಡದೆ, ಸೊಂಟದಿಂದ ಮೆಲ್ಲಗೆ ಒತ್ತಿದರು. ಮುದುಕರು ಖಾಲಿ ಡಬ್ಬವನ್ನೊಮ್ಮೆ ನೋಡಿದರು, ಇವರನ್ನೊಮ್ಮೆ ನೋಡಿದರು, ಸರಿದರು. ಅಷ್ಟು ಹತ್ತಿರ ಕೂತ ಮೇಲೆ ಮಾತಾಡದೆ ಇರುವುದು ಹೇಗೆ? ಭಾಷೆ ಬಾರದಿದ್ದರೂ ಮುದುಕಿ ಚಿಕ್ಕಮ್ಮನ ಬಳೆ ಮುಟ್ಟಿ ನೋಡಿದಳು. ಸುಮಾಯಾದಲ್ಲಿ ಇಳಿಸಿಕೊಂಡು ಮನೆಗೇ ಕರೆದುಕೊಂಡು ಹೋದರು. ಕಾವಲಿಯ ಮೇಲೆ ಮೆಕ್ಕೆಜೋಳದ ರೊಟ್ಟಿ ಬೇಯಿಸಿ, ಎಳೆ ಹಸಿಮೆಣಸನ್ನು ಎಣ್ಣೆಯಲ್ಲಿ ಹುರಿದು ಉಪ್ಪು ಉದುರಿಸಿ ಬಡಿಸಿದರು. ಕಿಟಕಿಯ ಹೊರಗೆ ಸಮುದ್ರ. ಇದನ್ನು ಹೇಳುವಾಗ ಗಿರಾಕಿಯೊಬ್ಬ ಬಿಲ್ ಹಿಡಿದು ನಿಂತಿದ್ದರೂ ಚಿಕ್ಕಪ್ಪ ನೋಡಲಿಲ್ಲ.

ಇದೇ ಸಮಯ ಎಂದುಕೊಂಡು ಹೇಳಿಬಿಟ್ಟೆ. “ಚಿಕ್ಕಪ್ಪ, ಆ ಮಿಕೆಲ್ ನಾನೇ. ಅದನ್ನು ಬರೆದದ್ದು ನಾನು.”

ಚಿಕ್ಕಪ್ಪ ಕಾಗದದ ಉಂಡೆಗಳ ಕಡೆಗೆ ಬೆರಳು ತೋರಿಸಿದರು. “ನೀನಾ? ಅವನು ಹೇಳಿದ್ದೆಲ್ಲ ಸರಿ ಇತ್ತು. ನೀನು ಹೇಳಿದ್ದೆಲ್ಲ ತಪ್ಪು. ಬರೆದವನು ತಾನು ಬರೆದದ್ದನ್ನೇ ಬೇಡ ಅಂತ ಫೋನ್ ಮಾಡ್ತಾನೇನೋ?”

ಸಾವಂತ್ ಸರ್‌ಗೆ ಫೋನ್ ಹಚ್ಚಿ ಸಾಕ್ಷಿ ಹೇಳಿಸೋಣವೆಂದರೆ, ಬರೆಯುವವರ ಹೆಸರು ಹೊರಗೆ ಹೇಳುವುದು ನಮ್ಮ ಕಂಪನಿಯ ನಿಯಮಕ್ಕೆ ವಿರುದ್ಧ ಎಂದುಬಿಟ್ಟರು. ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಚಿಕ್ಕಮ್ಮ ಬಾಣಲೆಯಲ್ಲಿ ಹಸಿಮೆಣಸು ಹುರಿಯುತ್ತಿದ್ದರು.

“ನೀನು ಓದಿ ಹೇಳಿದ ದಿನವೇ ಗೊತ್ತಾಯ್ತು ಮಾರಾಯ,” ಎಂದರು, ಬಾಣಲೆಯಿಂದ ತಲೆ ಎತ್ತದೆ. “ಸೊಂಟದಿಂದ ಒತ್ತುವುದು ಸ್ಪೇನಿನವನಿಗೆ ಯಾರು ಹೇಳಿಕೊಟ್ಟದ್ದು?”

“ಹಾಗಾದ್ರೆ ಚಿಕ್ಕಪ್ಪನಿಗೆ ಹೇಳಿ ಚಿಕ್ಕಮ್ಮ.”

“ಹೇಳುವುದಿಲ್ಲ.” ಮೆಣಸನ್ನು ಒಮ್ಮೆ ಮಗುಚಿದರು. “ಮದುವೆಯಾದ ಮೇಲೆ ಇವರು ಗಲ್ಲಾ ಬಿಟ್ಟು ಎದ್ದದ್ದು ಇದೇ ಮೊದಲು. ನೀನು ಬಂದು ಕೂತರೆ ಇನ್ನೂ ಏಳ್ತಾರೆ. ಇಲ್ಲದಿದ್ರೆ ನಾನು ಮತ್ತೆ ಸಮುದ್ರ ನೋಡುವುದು ಯಾವಾಗ, ಹೇಳು.”

ಒಂದು ಮೆಣಸಿಗೆ ಉಪ್ಪು ಉದುರಿಸಿ ನನ್ನ ಕೈಗಿಟ್ಟರು. ಖಾರವಿರುವುದಿಲ್ಲ ಎಂದು ನಾನೇ ಬರೆದಿದ್ದೆ. ನೌಪಾಡಾದ ಮೆಣಸು ಅದನ್ನು ಓದಿರಲಿಲ್ಲ. ಕಣ್ಣಲ್ಲಿ ನೀರು ಬಂದದ್ದನ್ನು ಚಿಕ್ಕಪ್ಪ ಹೊರಗಿನಿಂದ ನೋಡಿ, ಹುಡುಗನಿಗೆ ಪಶ್ಚಾತ್ತಾಪವಾಗಿದೆ ಎಂದುಕೊಂಡರು.

ಈಗ ದೀಪಾವಳಿ ಕಳೆದಿದೆ. ಇದನ್ನು ಬರೆಯುತ್ತಿರುವುದು ಗಲ್ಲಾದಿಂದಲೇ. ಇವತ್ತಿನ ವಡೆ ಗರಿಗರಿ ಇದೆಯಾ ಎಂದು ಗಿರಾಕಿಗಳು ಕೇಳುತ್ತಾರೆ. ಬೆಳಿಗ್ಗೆಯಿಂದ ಅಡುಗೆಮನೆಯ ಕಡೆಗೆ ಹೋಗದಿದ್ದರೂ, ವಡೆಯ ಜೊತೆಯಲ್ಲೇ ಹುಟ್ಟಿ ಬೆಳೆದವನ ಹಾಗೆ ಹೌದು ಎನ್ನುತ್ತೇನೆ, ಅನುಭವ ಇದೆಯಲ್ಲ. ಮುಂದಿನ ಪ್ರವಾಸ ಪೋರ್ಚುಗಲ್ಲಿಗಂತೆ. ಮಿಕೆಲ್ ಅದರ ಬಗ್ಗೆಯೂ ಏನಾದರೂ ಬರೆದಿದ್ದಾನಾ ನೋಡು ಎಂದು ಚಿಕ್ಕಪ್ಪ ಹೇಳಿದ್ದಾರೆ. ಸಂಜೆ ಗಿರಾಕಿ ಕಡಿಮೆಯಾದಾಗ ಮಿಕೆಲನ ಹೆಸರಲ್ಲಿ ಬರೆಯುತ್ತಿದ್ದೇನೆ. ಅಲ್ಲಿನ ಟ್ರಾಮಿನಲ್ಲಿ ನಾಲ್ಕನೇ ಸೀಟು ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ. ಉಂಟು ಎಂದೇ ಬರೆದಿದ್ದೇನೆ. ಚಿಕ್ಕಮ್ಮ ಒತ್ತಿದರೆ ಯಾರಾದರೂ ಸರಿಯುತ್ತಾರೆ; ನಾನೇ ಸರಿದು ಸರಿದು ಈ ಕುರ್ಚಿಗೆ ಬಂದು ಕೂತಿಲ್ಲವೇ?