ತಾನಾಗಿಯೇ ಬೆಳೆಯುವ ಹುಲ್ಲುಹಾಸು

ಬೆಳಕು ಹರಿಯುವ ಮುನ್ನ ನಾನು ಮುಗಿಸಬೇಕಾದ ಕೆಲಸಗಳು ಇವು. ರಾತ್ರಿ ನೆನೆಹಾಕಿದ ಪಾತ್ರೆ ತಿಕ್ಕುವುದು, ಹಾಲು ಕಾಯಿಸುವುದು, ಮೂರು ಡಬ್ಬಿಗೆ ಆಗುವಷ್ಟು ತರಕಾರಿ ಹೆಚ್ಚುವುದು, ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುವುದು, ಗಂಡನ ಕಾಲುಚೀಲದ ಜೋಡಿ ಹುಡುಕುವುದು (ಎರಡನೆಯದು ಯಾವಾಗಲೂ ತಲೆಮರೆಸಿಕೊಂಡಿರುತ್ತದೆ), ಆಮೇಲೆ ನೈಟಿಯ ತೋಳನ್ನು ಭುಜದವರೆಗೆ ಮಡಚಿ, ಕೈಯನ್ನು ತಣ್ಣೀರಿಗೆ ಇಳಿಸಿ, ಉದ್ದನೆಯ ಚಿಮಟದಿಂದ ಹುಲ್ಲು ನೆಡುವುದು.

ಕೊನೆಯದನ್ನು ಓದಿ ನಿಮಗೆ ನನ್ನ ತಲೆಯ ಬಗ್ಗೆ ಅನುಮಾನ ಬಂದಿರಬಹುದು. ಅದಕ್ಕೇ ವಿವರವಾಗಿ ಹೇಳುತ್ತೇನೆ.

ನನ್ನ ಗಂಡ ಲಿಫ್ಟ್ ದುರಸ್ತಿ ಮಾಡುವ ಕಂಪನಿಯಲ್ಲಿ ಮೇಲ್ವಿಚಾರಕರು. ಬೇರೆಯವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಪಟ್ಟಿಗೆ ಗುರುತು ಹಾಕುವುದು ಅವರ ವೃತ್ತಿ. ಮನೆಗೆ ಬಂದರೂ ಆ ಕರ್ತವ್ಯಪ್ರಜ್ಞೆ ಅವರನ್ನು ಬಿಡುವುದಿಲ್ಲ. ಒಂದು ದಿನ ಗಾಜಿನ ಮೀನುತೊಟ್ಟಿಯೊಂದನ್ನು ಹೊತ್ತು ತಂದು ಹಜಾರದಲ್ಲಿ ಪ್ರತಿಷ್ಠಾಪಿಸಿದರು. ತಳದಲ್ಲಿ ಮಣ್ಣು, ಅದರ ಮೇಲೆ ಮರಳು, ಮರಳಿನಲ್ಲಿ ಬೆರಳುದ್ದದ ಹುಲ್ಲಿನ ಗಿಡಗಳು, ಸುತ್ತ ಆರು ಪುಟ್ಟ ಮೀನುಗಳು. ಆರು ತಿಂಗಳಲ್ಲಿ ಆ ಹುಲ್ಲು ಒಂದಕ್ಕೊಂದು ಕೂಡಿಕೊಂಡು ತೊಟ್ಟಿಯ ನೆಲಕ್ಕೆಲ್ಲ ಹಸಿರು ರತ್ನಗಂಬಳಿ ಹಾಸುತ್ತದಂತೆ. ಗಿಡಕ್ಕೆ ಉಣಿಸುವ ಗ್ಯಾಸಿನ ಸಿಲಿಂಡರ್ ಬೇಡ, ದುಬಾರಿ ದೀಪ ಬೇಡ, ಅತಿ ಸರಳ ವಿಧಾನವಂತೆ.

"ಕೆಲಸಾನೇ ಇಲ್ಲ ಕಣೇ. ಅದರ ಪಾಡಿಗೆ ಅದು ಬೆಳೆಯುತ್ತೆ."

ಕೆಲಸವೇ ಇಲ್ಲದ ಆ ಕೆಲಸಕ್ಕೆ ಮರುದಿನವೇ ಪಟ್ಟಿಯೊಂದು ತಯಾರಾಗಿ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಬೆಳಗ್ಗೆ ಆರಕ್ಕೆ ದೀಪ ಹಾಕು, ರಾತ್ರಿ ಹತ್ತಕ್ಕೆ ಆರಿಸು. ತೇಲುವ ಗಿಡವನ್ನು ಮತ್ತೆ ನೆಡು. ವಾಲಿದ್ದನ್ನು ಕಿತ್ತು ನೆಟ್ಟಗೆ ನಿಲ್ಲಿಸು. ಗಾಜು ಉಜ್ಜು. ವಾರಕ್ಕೆ ಎರಡು ಬಕೆಟ್ ನೀರು ಬದಲಿಸು. ಹಾಕು, ಆರಿಸು, ನೆಡು, ಉಜ್ಜು: ಈ ಮನೆಯಲ್ಲಿ ಹೀಗೆ ಏಕವಚನದಲ್ಲಿ ಹೇಳಿಸಿಕೊಳ್ಳುವ ವಯಸ್ಕಳು ನಾನೊಬ್ಬಳೇ.

ಮೊದಲೆಲ್ಲ ಎಲ್ಲರೂ ಏಳುವ ಮುಂಚೆ ನನಗೆ ನಲವತ್ತು ನಿಮಿಷ ಉಳಿಯುತ್ತಿತ್ತು. ಕಿಟಕಿಯ ಪಕ್ಕ ಕಾಫಿ ಹಿಡಿದು ಸುಮ್ಮನೆ ಕೂರುತ್ತಿದ್ದೆ. ಆಮೇಲೆ ಇದ್ದೇ ಇದೆ, ಗ್ರಂಥಾಲಯದಲ್ಲಿ ಊರವರೆಲ್ಲ ಓದಿ ಎಸೆದ ಪುಸ್ತಕ ಜೋಡಿಸುವ ನೌಕರಿ. ಇಪ್ಪತ್ತನಾಲ್ಕು ಗಂಟೆಯಲ್ಲಿ ಆ ನಲವತ್ತು ನಿಮಿಷವಷ್ಟೇ ನನ್ನ ಸ್ವಂತ ಆಸ್ತಿ. ಅದನ್ನು ಹುಲ್ಲು ಮೇಯ್ದುಬಿಟ್ಟಿತು.

ಅಷ್ಟಾದರೂ ಹುಲ್ಲು ಹಬ್ಬಿತೇ ಎಂದರೆ ಅದೂ ಇಲ್ಲ. ಮೂರು ತಿಂಗಳಾದರೂ ಗಾಜಿಗೆ ಪಾಚಿ, ಮರಳಿಗೆ ಪಾಚಿ, ಗಿಡದ ಜೊತೆ ಬಂದು ಸೇರಿಕೊಂಡ ಬಸವನಹುಳುವಿನ ಬೆನ್ನಿಗೂ ಪಾಚಿ. ಹುಲ್ಲು ಮಾತ್ರ ಅರ್ಧ ಬೋಳಾದ ತಲೆಯ ಹಾಗೆ (ಯಾರ ತಲೆ ಎಂದು ಹೇಳುವುದಿಲ್ಲ) ಅಲ್ಲೊಂದು ಇಲ್ಲೊಂದು. ಒಂದು ಸಂಜೆ ಗಂಡ ಬಗ್ಗಿ ತಪಾಸಣೆ ಮಾಡಿ, ದಿನಾ ಎರಡು ನಿಮಿಷ ಗಮನ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದರು. ನಾನು ನಲವತ್ತು ನಿಮಿಷದ ವಿಚಾರ ಎತ್ತಿದೆ. ಹವ್ಯಾಸವನ್ನು ಕೆಲಸ ಎನ್ನುವವಳು ಜಗತ್ತಿನಲ್ಲಿ ನೀನೊಬ್ಬಳೇ ಎಂದರು. ಯಾರ ಹವ್ಯಾಸ ಎಂದು ಕೇಳಿದೆ. ಅಲ್ಲಿಗೆ ಹತ್ತಿಕೊಂಡಿತು.

"ಹಾಗಾದ್ರೆ ಎರಡು ತಿಂಗಳು ಕೈನೇ ಹಾಕ್ಬೇಡ. ಪಾಚಿ ಜಾಸ್ತಿ ಆದ್ರೆ, ಕೆಲಸ ಇತ್ತು ಅಂತ ಒಪ್ಕೋತೀನಿ. ಆಮೇಲೆ ಜೀವಮಾನ ಪೂರ್ತಿ ನಾನೇ ಮಾಡ್ತೀನಿ."

"ಆಗ್ದಿದ್ರೆ?"

"ಆಗ್ದಿದ್ರೆ ಇನ್ಮೇಲೆ ಅದನ್ನ ಕೆಲಸ ಅನ್ನೋ ಹಾಗಿಲ್ಲ."

ಮಗಳು ಸಾಕ್ಷಿಯಾದಳು. ನಾನು ಮುಷ್ಕರ ಹೂಡಿದೆ. ಮೀನುಗಳಿಗೆ ಮಾತ್ರ ದಿನಕ್ಕೊಂದು ಚಿಟಿಕೆ ಆಹಾರ ಹಾಕುತ್ತಿದ್ದೆ. ಅವು ನನಗೆ ಪಟ್ಟಿ ಬರೆದುಕೊಟ್ಟಿರಲಿಲ್ಲವಲ್ಲ. ಸಂಜೆ ಶಾಲೆಯಿಂದ ಬಂದ ಮಗಳು ತೊಟ್ಟಿಯ ದೀಪ ಹಾಕಿಕೊಂಡು ಅದರ ಪಕ್ಕ ಪಾಠ ಬರೆಯುತ್ತಿದ್ದಳು, ಊಟಕ್ಕೆ ಏಳುವಾಗ ಆರಿಸುತ್ತಿದ್ದಳು. ನೀರು ಇಳಿದರೆ ಒಂದು ಚೊಂಬು ಸುರಿಯುತ್ತಿದ್ದಳು. ಅಷ್ಟೇ.

ನಾನು ಕಾಫಿ ಹಿಡಿದು ತೊಟ್ಟಿಯ ಎದುರು ಕೂತು ಪಾಚಿಗಾಗಿ ಕಾದೆ. ಪಾಚಿಯ ದಾರಿಯನ್ನು ಇಷ್ಟು ಆಸೆಯಿಂದ ಕಾದ ಹೆಂಗಸು ಇನ್ನೊಬ್ಬಳಿರಲಾರಳು. ಮೊದಲ ವಾರ ಗಾಜು ಮಸುಕಾಯಿತು, ಹೊಟ್ಟೆ ತಣ್ಣಗಾಯಿತು. ಮೂರನೆಯ ವಾರ ಪಾಚಿ ತೆಳುವಾಯಿತು. ಐದನೆಯ ವಾರ ಪ್ರತಿ ಗಿಡವೂ ಪಕ್ಕಕ್ಕೊಂದು ಬಳ್ಳಿ ಚಾಚಿ ಮರಿ ಹಾಕಿತು. ಎರಡು ತಿಂಗಳು ತುಂಬುವ ಹೊತ್ತಿಗೆ ಮರಳೇ ಕಾಣದ ಹಾಗೆ ದಟ್ಟ ಹಸಿರು.

ಗಂಡ ಮೀನಂಗಡಿಯವರನ್ನೇ ಕರೆತಂದು ತೋರಿಸಿದರು. ಅವರು ಕಣ್ಣರಳಿಸಿ ನೋಡಿ, ಗುಟ್ಟು ಇಷ್ಟೇ ಎಂದು ವಿವರಿಸಿದರು. "ಬೆಳಕು ಕಮ್ಮಿ ಇರ್ಬೇಕು, ಬೇರು ಅಲುಗಿಸ್ಬಾರ್ದು. ಕೆಲವರು ದಿನಾ ಕಿತ್ತು ಕಿತ್ತು ನೆಡ್ತಾರೆ ಮೇಡಂ. ಹಾಗೆ ಮಾಡಿದ್ರೆ ಎಲ್ಲಿ ಬದುಕುತ್ತೆ?"

ಇಬ್ಬರೂ ನನ್ನ ಮುಖ ನೋಡಿದರು. ಪಟ್ಟಿ ಬರೆದವರು ಯಾರು ಎಂದು ನಾನು ಕೇಳಿದೆ.

"ಪಟ್ಟಿ ಸರಿಯಾಗೇ ಇತ್ತು," ಎಂದರು ಗಂಡ. "ನೀನೇ ಶ್ರದ್ಧೆ ಜಾಸ್ತಿ ಮಾಡ್ದೆ."

ಹದಿನಾರು ವರ್ಷದ ಸಂಸಾರದಲ್ಲಿ ನನ್ನ ಶ್ರದ್ಧೆಯನ್ನು ಅವರು ಗುರುತಿಸಿದ್ದು ಅದೇ ಮೊದಲು, ಅದೂ ಆರೋಪಪಟ್ಟಿಯಲ್ಲಿ.

ಮರುವಾರ ಎರಡನೆಯ ತೊಟ್ಟಿ ಬಂತು, ಮೊದಲನೆಯದರ ಎರಡರಷ್ಟು ಉದ್ದ. ನನ್ನ ಕುರ್ಚಿಯನ್ನು ಎತ್ತಿ ಬದಿಗಿಟ್ಟು ಆ ಜಾಗದಲ್ಲಿ ಅದನ್ನು ಕೂರಿಸಿದರು. ಕೆಲಸವಿಲ್ಲದ ವಸ್ತು ಒಂದಿದ್ದರೇನು, ಎರಡಿದ್ದರೇನು ಎಂಬುದು ಅವರ ವಾದ. ಮೂರನೆಯದಕ್ಕೆ ಆಗಲೇ ಮಲಗುವ ಕೋಣೆಯಲ್ಲಿ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದರು. ಇದಕ್ಕೂ ಹಳೆಯ ಪಂದ್ಯವೇ ಅನ್ವಯ, ಪಾಚಿ ಕಟ್ಟಿದರೆ ತೊಟ್ಟಿಗಳೆಲ್ಲ ತಮ್ಮದೇ ಹೊಣೆ ಎಂದು ಧಾರಾಳವಾಗಿ ಘೋಷಿಸಿದರು. ಫ್ರಿಜ್ಜಿಗೆ ಹೊಸ ಪಟ್ಟಿ ಅಂಟಿತು. ಅದರಲ್ಲಿದ್ದದ್ದು ಎರಡೇ ಪದ: ಏನೂ ಮಾಡಬೇಡ.

ಗಂಡ ಸ್ವಹಸ್ತಾಕ್ಷರದಲ್ಲಿ ಬರೆದುಕೊಟ್ಟ ವಿಶ್ರಾಂತಿ. ಬೇರೆ ಹೆಂಗಸಾಗಿದ್ದರೆ ಅದಕ್ಕೆ ಚೌಕಟ್ಟು ಹಾಕಿಸುತ್ತಿದ್ದಳು.

ಮರುದಿನ ಗಂಡ, ಮಗಳು ಇನ್ನೂ ಮಲಗಿದ್ದಾಗ ನಾನು ಹೊಸ ತೊಟ್ಟಿಯ ಎದುರು ನಿಂತು ಯೋಚಿಸಿದೆ. ಸುಮ್ಮನಿದ್ದರೆ ಹುಲ್ಲು ಹಬ್ಬುತ್ತದೆ. ಹುಲ್ಲು ಹಬ್ಬಿದರೆ ಮೂರನೆಯ ತೊಟ್ಟಿ ಬರುತ್ತದೆ. ಇದರಲ್ಲಿ ಇನ್ನೂ ಮೀನು ಬಿಟ್ಟಿರಲಿಲ್ಲ, ಹಾಗಾಗಿ ಯಾರ ಶಾಪವೂ ತಟ್ಟುವುದಿಲ್ಲ. ಯಾರನ್ನೂ ಕೇಳಲಿಲ್ಲ. ದೀಪ ಹಾಕಿ, ತೋಳು ಮಡಚಿ, ಆಗತಾನೇ ಮರಳು ಹಿಡಿಯುತ್ತಿದ್ದ ಮೊದಲ ಗಿಡವನ್ನು ಕಿತ್ತೆ. ನೆಟ್ಟಗಿದ್ದದ್ದನ್ನೇ ಮತ್ತಷ್ಟು ನೆಟ್ಟಗೆ ನೆಟ್ಟೆ. ಅಂಥವು ಇನ್ನೂ ತೊಂಬತ್ತೈದು ಇದ್ದವು. ದಿನಕ್ಕೆ ಒಂದೂಕಾಲು ಗಂಟೆಯಂತೆ ಶ್ರದ್ಧೆಯಿಂದ ದುಡಿದರೆ ಮೂರೇ ತಿಂಗಳಲ್ಲಿ ಎಲ್ಲ ಹಾಳಾದೀತು.